ಕೊಂಬೆಗೆ ತಾಗಿದ ಕುಂಡ

ಅಕ್ಕ ಇಂಗೆಬೋರ್ಗ್‌ಳನ್ನು ಮಣ್ಣು ಮಾಡಿ ಬಂದ ಸಂಜೆ, ಕೋಟು ಬಿಚ್ಚುತ್ತಿದ್ದಾಗ ರೋಸ್ವಿತಾ ಟೀಲೆಗೆ ಒಂದು ವಿಷಯ ಹೊಳೆಯಿತು. ಇನ್ನು ಮೇಲೆ ತನ್ನನ್ನು 'ನೀನು' ಎನ್ನುವವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ಅಪ್ಪ ಅಮ್ಮ ಯಾವತ್ತೋ ಹೋದರು. ಮದುವೆ ಆಗಿರಲಿಲ್ಲ. ಟ್ರಾಮ್ ಡಿಪೋದಲ್ಲಿ ಜೊತೆಗೆ ದುಡಿದವರಲ್ಲಿ ಇಬ್ಬರು ನೀನು ಎನ್ನುತ್ತಿದ್ದರು; ಒಬ್ಬ ತೀರಿಕೊಂಡ, ಇನ್ನೊಬ್ಬಳು ಮಗಳ ಊರಿಗೆ ಹೋದವಳು ಮತ್ತೆ ಸುದ್ದಿಯಿಲ್ಲ. ಬ್ಯಾಂಕಿನ ಹುಡುಗಿ, ಔಷಧಿ ಅಂಗಡಿಯವನು, ಮೇಲಿನ ಮನೆಯ ಗಂಡ ಹೆಂಡತಿ, ಎಲ್ಲರಿಗೂ ಅವಳು 'ನೀವು'. ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ಮರ್ಯಾದೆ ಉಂಡು ಯಾರ ಹೊಟ್ಟೆ ತುಂಬಿದೆ?

ಲೈಪ್ಸಿಗ್‌ನಲ್ಲಿ 'ನೀನು' ಎನ್ನುವುದು ಬಾಯಿಗೆ ಬಂದಂತೆ ಬಂದುಬಿಡುವ ಮಾತಲ್ಲ. ಈಗಿನ ಹುಡುಗರ ಕಥೆ ಬೇರೆ, ಅವರು ಬೆಕ್ಕಿಗೂ ಮೇಯರಿಗೂ ಒಂದೇ ಉಸಿರಲ್ಲಿ ನೀನು ಎಂದಾರು. ರೋಸ್ವಿತಾಳ ವಯಸ್ಸಿನವರಿಗೆ ಅದಕ್ಕೊಂದು ಕ್ರಮವಿದೆ. ಇಬ್ಬರಲ್ಲಿ ದೊಡ್ಡವರು ಯಾರೋ ಅವರೇ ಮೊದಲು ಬಾಯಿ ಬಿಡಬೇಕು. ಗ್ಲಾಸಿಗೆ ಗ್ಲಾಸು ತಾಗಿಸಿ, ಮನೆತನದ ಹೆಸರು ಬಿಟ್ಟು ತಮ್ಮ ಹೆಸರೊಂದನ್ನೇ ಹೇಳಿ, ಇನ್ನು ನೀನು ಅನ್ನೋಣ ಎನ್ನಬೇಕು. ಚಿಕ್ಕವರು ತಾವೇ ಮುಂದಾಗಿ ಕೇಳಿದರೆ ಅದಕ್ಕಿಂತ ಅಧಿಕಪ್ರಸಂಗ ಇನ್ನೊಂದಿಲ್ಲ. ವಯಸ್ಸೆಷ್ಟು ಎಂದು ಹೆಂಗಸರನ್ನು ಕೇಳುವುದಂತೂ ಇನ್ನೂ ದೊಡ್ಡ ತಪ್ಪು. ಹಾಗಾಗಿ ಜನ ಮುಖ ನೋಡಿ ಅಂದಾಜು ಮಾಡಿಕೊಂಡು ಕಾಯುತ್ತಾರೆ.

ಕಾಯುವುದು ರೋಸ್ವಿತಾಳಿಗೆ ಹೊಸದಲ್ಲ. ಜೀವಮಾನವೆಲ್ಲ ಟ್ರಾಮ್ ಓಡಿಸಿದವಳು ಅವಳು. ಬೆನ್ನ ಹಿಂದಿನ ಗಾಜಿನ ಮೇಲೆ 'ಚಾಲಕರೊಡನೆ ಮಾತಾಡಬೇಡಿ' ಎಂಬ ಫಲಕ. ಆ ಫಲಕ ಹೇಳಿದಂತೆ ಊರಿಗೆ ಊರೇ ಹತ್ತಿ ಇಳಿದು ಹೋಯಿತು, ಯಾರೂ ಮಾತಾಡಲಿಲ್ಲ. ನಿವೃತ್ತಿಯಾದ ವರ್ಷ ಅಕ್ಕ ತಂಗಿ ಸೇರಿ ಊರಂಚಿನ ತೋಟದ ಸಂಘದಲ್ಲಿ ಒಂದು ತುಂಡು ನೆಲ ಬೇಕೆಂದು ಹೆಸರು ಬರೆಸಿದ್ದರು. ಸರದಿ ಬರುವಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು. ಬೇಡ ಎಂದುಬಿಡಲೆಂದೇ ಹೋದ ರೋಸ್ವಿತಾ, ಅಲ್ಲಿನ ಸೇಬಿನ ಮರವನ್ನೂ ಒದ್ದೆ ಮಣ್ಣನ್ನೂ ನೋಡಿ ಬೀಗದ ಕೈ ಇಸಕೊಂಡು ಬಂದಳು.

"ಮೂರರಲ್ಲಿ ಒಂದು ಪಾಲು ತರಕಾರಿ, ಹಣ್ಣು ಇರ್ಲೇಬೇಕು ನೋಡಿ," ಎಂದರು ಸಂಘದ ಅಧ್ಯಕ್ಷ ಬ್ಯುಟ್ನರ್, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು. "ಬರೀ ಹುಲ್ಲು ಬೆಳ್ಸಿ ಅದ್ರ ಮೇಲೆ ಕುರ್ಚಿ ಹಾಕ್ಕೊಂಡು ಮಲಗೋ ಹಾಗಿಲ್ಲ. ಬೇಲಿ ಎದೆ ಮಟ್ಟ, ಅಷ್ಟೇ. ಪಕ್ಕದವರು ಕಾಣ್ಬೇಕು."

ತೋಟದ ಹಲಗೆಯ ಗುಡಿಸಲಿನಲ್ಲಿ ಹಿಂದೆ ಇದ್ದವನು ಬಿಟ್ಟುಹೋದ ಬಾಟಲಿಗಳಿದ್ದವು. ಒಂದೊಂದರ ಮೇಲೂ ತಲೆಬುರುಡೆಯ ಚಿತ್ರ. ರೋಸ್ವಿತಾ ಅವನ್ನು ಮುಟ್ಟದೆ ಹಿಂದೆ ಸರಿದಳು. ಅವಳು ಹುಟ್ಟಿದ್ದು ರಸಾಯನ ಕಾರ್ಖಾನೆಯ ಊರಿನಲ್ಲಿ. ಬೆಳಿಗ್ಗೆ ಬೆಳ್ಳಗೆ ಒಣಹಾಕಿದ ಬಟ್ಟೆ ಸಂಜೆ ಹಳದಿಯಾಗಿ ಒಳಗೆ ಬರುತ್ತಿತ್ತು. ಅಕ್ಕನ ಎದೆ ಹಾಳಾದದ್ದು ಅಲ್ಲಿಯೇ ಎಂದು ಅವಳ ನಂಬಿಕೆ.

"ವಿಷ ಹಾಕದೆ ಬೆಳೀತೀನಿ," ಎಂದಳು.

"ಹಾಗಾದ್ರೆ ಹುಳುಗಳಿಗೋಸ್ಕರ ಬೆಳೀತೀನಿ ಅನ್ನಿ," ಎಂದು ಬ್ಯುಟ್ನರ್ ನಕ್ಕರು.

"ನೀವು ಸುಮ್ನಿರಿ ಬ್ಯುಟ್ನರ್. ನಾನು ಇಷ್ಟು ವರ್ಷದಿಂದ ವಿಷ ಹಾಕಿಲ್ಲ, ಉಪವಾಸ ಬಿದ್ದಿದ್ದೀನಾ?"

ಮಾತು ಬಂದದ್ದು ಬೇಲಿಯ ಆಚೆಯಿಂದ. ಅಲ್ಲೊಬ್ಬ ಮುದುಕಿ ಕೋಲು ಊರಿ ನಿಂತಿದ್ದರು. ಹಾಲಿನಂತೆ ಬಿಳಿ ಕೂದಲು, ಬಿಲ್ಲಿನಂತೆ ಬಾಗಿದ ಬೆನ್ನು, ಹುಲ್ಲಿನ ಟೋಪಿ. ಗದರುವಾಗ ಮಾತ್ರ ಬೆನ್ನು ಅರ್ಧ ನೆಟ್ಟಗಾಗುತ್ತಿತ್ತು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರಂತೆ.

"ನಾನು ರೋಸ್ವಿತಾ ಟೀಲೆ," ಎಂದಳು ಇವಳು.

"ಪೀಚ್," ಎಂದರು ಅವರು. ಮನೆತನದ ಹೆಸರು ಮಾತ್ರ. ಹಾಗಾಗಿ ಇವಳಿಗೆ ಅವರು ಫ್ರಾವ್ ಪೀಚ್, ಎಂದರೆ ಶ್ರೀಮತಿ ಪೀಚ್. ಹೆಸರು ಗುಡ್ರುನ್ ಎಂದು ಗೇಟಿನ ಮೇಲಿನ ಚಿಕ್ಕ ಹಲಗೆಯಿಂದ ತಿಳಿಯಿತು.

ಎಂಬತ್ತಾದರೂ ಆಗಿರಬೇಕು ಎಂದುಕೊಂಡಳು ರೋಸ್ವಿತಾ. ಕೂದಲಿಗೆ ಕಂದು ಬಣ್ಣ ಹಚ್ಚುವ, ಇನ್ನೂ ಗುದ್ದಲಿ ಎತ್ತುವ ತೋಳಿನ ತಾನು ಅವರ ಮುಂದೆ ಚಿಕ್ಕವಳು. ಹಾಗೆ ಅನ್ನಿಸಿದ ಕೂಡಲೇ ಅವಳೊಳಗೆ ಒಂದು ಆಸೆ ಮೊಳಕೆಯೊಡೆಯಿತು. ಇವರಿಗೆ ತನ್ನನ್ನು ನೀನು ಎನ್ನುವ ಅಧಿಕಾರವಿದೆ. ಇವತ್ತಲ್ಲದಿದ್ದರೆ ನಾಳೆ, ಬೇಲಿಯ ಮೇಲೆ ಕೈ ಚಾಚಿ, ಗ್ಲಾಸು ಎತ್ತಿ, ಹೇಳಿಯಾರು.

ನಾಳೆ ಬರಲಿಲ್ಲ, ಬಸವನಹುಳುಗಳು ಬಂದವು.

ಚಿಪ್ಪಿಲ್ಲದ, ಬೆರಳುದ್ದದ, ಇಟ್ಟಿಗೆ ಬಣ್ಣದ ಆ ಹುಳುಗಳನ್ನು ಕಂಡರೆ ಆ ತೋಟಗಳಲ್ಲಿ ದೇವರಂಥ ಮನುಷ್ಯರೂ ಕತ್ತರಿ ಹಿಡಿಯುತ್ತಾರೆ. ರೋಸ್ವಿತಾ ಅಂಗಡಿಯಲ್ಲಿ ಯಾರೋ ಹೇಳಿದ ಉಪಾಯ ಮಾಡಿದಳು. ಮೊಸರಿನ ಖಾಲಿ ಡಬ್ಬಿಗಳನ್ನು ಲೆಟ್ಯೂಸ್ ಮಡಿಯ ಸುತ್ತ ಮಣ್ಣಿಗೆ ಹೂತು, ಅದರಲ್ಲಿ ಬಿಯರ್ ಸುರಿದಳು. ಹುಳು ವಾಸನೆಗೆ ಬಂದು ಬಿದ್ದು ಸಾಯುತ್ತದೆ. ವಿಷವೂ ಬೇಡ, ಕತ್ತರಿಯೂ ಬೇಡ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬಂಥ ಯೋಜನೆ. ಬೆಳಿಗ್ಗೆ ಬಂದು ನೋಡಿದರೆ ಡಬ್ಬಿಗಳಲ್ಲಿ ಕೆಲವು ಹುಳು ತೇಲುತ್ತಿದ್ದವು ನಿಜ, ಆದರೆ ಲೆಟ್ಯೂಸ್ ಇದ್ದ ಜಾಗದಲ್ಲಿ ಬರೀ ದಂಟುಗಳಿದ್ದವು.

ಬೇಲಿಯ ಆಚೆ ಫ್ರಾವ್ ಪೀಚ್ ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ ನಿಂತಿದ್ದರು.

"ಬಿಯರ್ ಇಟ್ರಾ?"

"ಇಟ್ಟೆ."

"ಅದ್ರ ವಾಸನೆ ಎಷ್ಟು ದೂರ ಹೋಗುತ್ತೆ ಗೊತ್ತಾ ಫ್ರಾವ್ ಟೀಲೆ? ಈ ಸಾಲಿನ ಹುಳುಗಳೆಲ್ಲ ನಿಮ್ಮನೇಲಿ ಜಾತ್ರೆ ಸೇರಿದ್ವು. ಒಂದೆರಡು ಕುಡ್ದು ಸತ್ವು. ಮಿಕ್ಕವು ಕುಡ್ದು, ಊಟ ಮಾಡ್ಕೊಂಡು ಹೋದ್ವು. ನನ್ನ ತೋಟದಲ್ಲಿ ಇವತ್ತು ಒಂದೂ ಇಲ್ಲ. ತುಂಬಾ ಉಪಕಾರ ಆಯ್ತು."

ರೋಸ್ವಿತಾಳಿಗೆ ಅಳು ಬರಬೇಕಿತ್ತು, ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ಹೊರಬರಲು ದಾರಿ ಸಿಗದೆ ಕೆಮ್ಮಾಗಿ ಬಂತು. ಫ್ರಾವ್ ಪೀಚ್ ತಮ್ಮ ಮಡಿಯಿಂದ ಲೆಟ್ಯೂಸ್ ಸಸಿಗಳನ್ನು ಕಿತ್ತು ಬೇಲಿಯ ಮೇಲಿಂದ ಕೊಟ್ಟರು. ಸಂಜೆ ನೀರು ಹಾಕಬೇಡಿ, ಬೆಳಿಗ್ಗೆ ಹಾಕಿ. ನೆಲದ ಮೇಲೊಂದು ಹಲಗೆ ಇಡಿ, ಹುಳು ಹಗಲಲ್ಲಿ ಅದರಡಿ ಮಲಗುತ್ತವೆ, ಎತ್ತಿ ಆರಿಸಿ ಎಂದು ಪಾಠ ಒಪ್ಪಿಸಿದರು. ಅರ್ಥವಾಯಿತೇ ಎಂದು ಎರಡು ಸಲ ಕೇಳಿದರು.

ಅಲ್ಲಿಂದ ಭಾನುವಾರಗಳು ಒಂದು ರೂಪಕ್ಕೆ ಬಂದವು. ಫ್ರಾವ್ ಪೀಚ್ ಬೇಲಿಯ ಆಚೆ ಕುರ್ಚಿ ಎಳೆದುಕೊಂಡರೆ ರೋಸ್ವಿತಾ ಈಚೆ. ಅವರ ಫ್ಲಾಸ್ಕಿನಲ್ಲಿ ಕಾಫಿ, ಇವಳ ಡಬ್ಬಿಯಲ್ಲಿ ಕೇಕು. ತುರಿಕೆ ಗಿಡವನ್ನು ನೀರಿನಲ್ಲಿ ಕೊಳೆಹಾಕಿ ಗಿಡಗಳಿಗೆ ಎರೆಯುವುದು, ಅವರೆಯ ಸಾಲಿನ ನಡುವೆ ಚೆಂಡುಹೂವು ನೆಡುವುದು, ಗುಲಗಂಜಿ ಹುಳುವಿನ ಮರಿಗಳನ್ನು ಕೀಟವೆಂದು ಹೊಸಕಿ ಕೊಲ್ಲದಿರುವುದು, ಹೀಗೆ ಮಾತು ನಡೆಯುತ್ತಿತ್ತು. ತುರಿಕೆ ಗಿಡದ ಬಕೆಟ್ಟು ನಾತ ಹೊಡೆದು ಹಿಂದಿನ ತೋಟದ ಎಳೆಯ ದಂಪತಿ ಮಾಂಸ ಸುಡುವುದನ್ನು ಬಿಟ್ಟು ಮಕ್ಕಳನ್ನೆತ್ತಿಕೊಂಡು ಓಡಿದ ದಿನ ಇಬ್ಬರೂ ಬೇಲಿಯ ಕೆಳಗೆ ತಲೆ ತಗ್ಗಿಸಿ ಶಾಲೆಯ ಹುಡುಗಿಯರಂತೆ ನಕ್ಕರು. ನಕ್ಕ ಮೇಲೆ ರೋಸ್ವಿತಾ ಕಾದಳು. ಇಂಥ ನಗುವಿನ ಹಿಂದೆಯೇ ಆ ಮಾತು ಬರುವುದು ಲೋಕರೂಢಿ.

"ಕಾಫಿ ಇನ್ನೊಂಚೂರು ಹಾಕ್ಲಾ ನಿಮಗೆ?" ಎಂದರು ಫ್ರಾವ್ ಪೀಚ್.

ನಿಮಗೆ. ಆ ಒಂದು ಅಕ್ಷರದ ವ್ಯತ್ಯಾಸ ಎದೆಗೆ ಚುಚ್ಚುವಷ್ಟು ಚೂಪಾಗಿರುತ್ತದೆ ಎಂದು ಅವಳಿಗೆ ಮೊದಲು ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಸೇಬಿನ ಮರದ ಚಿಗುರಿಗೆಲ್ಲ ಹೇನು ಹತ್ತಿ ಎಲೆ ಮುರುಟಿದವು. ಅದಕ್ಕೆ ಮದ್ದು ಕಿವಿಚಿವುಟ ಎಂದು ರೋಸ್ವಿತಾ ತಾನೇ ತಿಳಿದುಕೊಂಡಳು. ಬಾಲದಲ್ಲಿ ಇಕ್ಕಳವಿರುವ ಕಂದು ಹುಳು ಅದು. ಕಿವಿಯೊಳಗೆ ಹೋಗುತ್ತದೆಂದು ಮಕ್ಕಳು ಹೆದರುತ್ತಾರೆ, ಪಾಪ, ಅದು ಹೋಗುವುದು ಹೇನು ತಿನ್ನಲು. ಹಗಲು ಮಲಗಲು ಅದಕ್ಕೊಂದು ಕತ್ತಲ ಮನೆ ಬೇಕು. ರೋಸ್ವಿತಾ ಮಣ್ಣಿನ ಹೂಕುಂಡದಲ್ಲಿ ಒಣಹುಲ್ಲು ತುರುಕಿ, ತಲೆಕೆಳಗು ಮಾಡಿ, ಒಳ್ಳೆಯ ನೀಲಿ ದಾರ ಕಟ್ಟಿ ಕೊಂಬೆಯಿಂದ ಇಳಿಬಿಟ್ಟಳು. ಕುಂಡ ಗಾಳಿಗೆ ಗಂಟೆಯಂತೆ ತೂಗುತ್ತಿತ್ತು. ನೋಡಲು ಬಲು ಚೆಂದ. ಎರಡು ವಾರ ಬಿಟ್ಟು ಹುಲ್ಲು ಬಿಡಿಸಿ ನೋಡಿದಳು, ಒಂದೂ ಇಲ್ಲ. ಮತ್ತೆ ನೋಡಿದಳು, ಒಂದು ಜೇಡವೂ ಇಲ್ಲ.

"ಯಾಕೆ ಯಾರೂ ಬಂದಿಲ್ಲ?" ಎಂದು ಬೇಲಿಯ ಬಳಿ ಹೋಗಿ ದೂರಿದಳು.

ಫ್ರಾವ್ ಪೀಚ್ ಕೋಲೆತ್ತಿ ತೋರಿಸಿದರು. "ಹೇಗೆ ಬರ್ತಾವೆ ಹೇಳಿ? ಅವಕ್ಕೆ ರೆಕ್ಕೆ ಇದೆ, ಹಾರೋಕೆ ಸೋಮಾರಿತನ. ನಡ್ಕೊಂಡೇ ಬರ್ಬೇಕು. ನೀವು ಅರಮನೆ ಕಟ್ಟಿದ್ದೀರಿ, ಮೆಟ್ಟಿಲು ಹಾಕಿಲ್ಲ. ಕುಂಡ ಕೊಂಬೆಗೆ ತಾಗ್ಬೇಕು ಫ್ರಾವ್ ಟೀಲೆ. ತಾಗದೆ ತೂಗಾಡೋ ಮನೆಗೆ ಯಾವನೂ ಬರಲ್ಲ."

ರೋಸ್ವಿತಾ ದಾರ ಗಿಡ್ಡ ಮಾಡಿ ಕುಂಡವನ್ನು ಕೊಂಬೆಗೆ ಒತ್ತಿ ಕಟ್ಟಿದಳು. ಕಟ್ಟುವಾಗ ಅವಳಿಗೆ ತನ್ನ ಮೂರನೇ ಮಹಡಿಯ ಮನೆ, ಅಲ್ಲಿನ ಒರೆಸಿಟ್ಟ ಮೇಜು, ಯಾರೂ ಒತ್ತದ ಕರೆಗಂಟೆ ನೆನಪಾದವು. ಮುಂದಿನ ವಾರ ಹುಲ್ಲು ಬಿಡಿಸಿದರೆ ಒಳಗೆ ಕಿವಿಚಿವುಟಗಳು ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿದ್ದವು. ಅವಳು ಮೆಲ್ಲಗೆ ಹುಲ್ಲು ಮುಚ್ಚಿದಳು.

ಸೆಪ್ಟೆಂಬರಿನಲ್ಲಿ ಅವಳಿಗೆ ಎಪ್ಪತ್ತು ತುಂಬಿತು. ಇಂಥ ಹುಟ್ಟುಹಬ್ಬಗಳನ್ನು ಸಂಘದವರು ದೊಡ್ಡ ಗೇಟಿನ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಬರೆದು ಹಾಕುತ್ತಾರೆ. ತನ್ನ ಹೆಸರು, ಪಕ್ಕದಲ್ಲಿ ದಪ್ಪನೆಯ ಎಪ್ಪತ್ತು, ಕೆಳಗೊಂದು ಸೂರ್ಯಕಾಂತಿಯ ಚಿತ್ರ. ನೋಡಿ ಅವಳಿಗೆ ನಾಚಿಕೆಯಾಯಿತು. ಆದರೂ ಯಾರಾದರೂ ಬಂದರೆ ಇರಲಿ ಎಂದು ದೊಡ್ಡ ತಟ್ಟೆಯ ತುಂಬ ಪ್ಲಮ್ ಕೇಕು ಮಾಡಿಕೊಂಡು ಹೋದಳು. ಬ್ಯುಟ್ನರ್ ನಿಂತೇ ಒಂದು ತುಂಡು ತಿಂದು, ಕೈ ಕುಲುಕಿ ಹೋದರು.

ಮಧ್ಯಾಹ್ನ ಗೇಟು ಕಿರುಗುಟ್ಟಿತು. ಫ್ರಾವ್ ಪೀಚ್ ಬಂದಿದ್ದರು. ಬೇಲಿಯ ಮೇಲಿಂದಲ್ಲ, ಸುತ್ತು ಹಾಕಿಕೊಂಡು, ಗೇಟಿನಿಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಕೈಚೀಲದಿಂದ ಒಂದು ಹೊಸ ಮಣ್ಣಿನ ಕುಂಡ ತೆಗೆದು ಮೇಜಿನ ಮೇಲಿಟ್ಟರು, ಒಣಹುಲ್ಲು ತುಂಬಿ ದಾರ ಕಟ್ಟಿ ಸಿದ್ಧ ಮಾಡಿದ್ದು. ಆಮೇಲೆ ತಾವೇ ಮಾಡಿದ ಕೆಂಪು ದ್ರಾಕ್ಷಾರಸದ ಬಾಟಲಿ. ಆಮೇಲೆ, ಪತ್ರಿಕೆಯಲ್ಲಿ ಸುತ್ತಿದ ಎರಡು ಪುಟ್ಟ ಗ್ಲಾಸು.

ಗ್ಲಾಸು ಕಂಡದ್ದೇ ರೋಸ್ವಿತಾ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಬಂತು ಎಂದುಕೊಂಡಳು. ಇದಕ್ಕಲ್ಲದೆ ಇನ್ನೇತಕ್ಕೆ ಇಷ್ಟು ಸಡಗರ?

ಫ್ರಾವ್ ಪೀಚ್ ಸುರಿದರು. ಗ್ಲಾಸು ಎತ್ತಿದರು. "ಆಯುಸ್ಸು, ಆರೋಗ್ಯ ಇರ್ಲಿ ಫ್ರಾವ್ ಟೀಲೆ."

"ಥ್ಯಾಂಕ್ಸ್ ಫ್ರಾವ್ ಪೀಚ್."

ಇಬ್ಬರೂ ಗ್ಲಾಸು ಹಿಡಿದುಕೊಂಡೇ ಇದ್ದರು. ಫ್ರಾವ್ ಪೀಚ್ ಇವಳ ಮುಖ ನೋಡಿದರು, ಇವಳು ಅವರ ಮುಖ ನೋಡಿದಳು. ಒಂದು ಕಣಜದ ಹುಳು ಬಂದು ಕೇಕಿನ ಮೇಲೆ ಕೂತಿತು. ಇಬ್ಬರೂ ಅದನ್ನು ಓಡಿಸಲಿಲ್ಲ.

"ಏನೋ ಹೇಳ್ಬೇಕು ಅಂತಿದ್ರಾ?" ಎಂದು ಫ್ರಾವ್ ಪೀಚ್ ಕೇಳಿದರು.

"ಇಲ್ವಲ್ಲ. ನೀವು?"

"ನಾನಾ? ನಾನು ಹೇಳೋದೇನಿದೆ?"

ಅವರು ಗ್ಲಾಸು ತಾಗಿಸದೆ ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟರು. ಕೇಕು ಚೆನ್ನಾಗಿದೆ ಎಂದರು. ಕುಂಡ ಕೊಂಬೆಗೆ ತಾಗುವ ಹಾಗೆ ಕಟ್ಟಿ ಎಂದು ಮತ್ತೊಮ್ಮೆ ಹೇಳಿ, ಗ್ಲಾಸುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಬಾಟಲಿಯ ಜೊತೆ ಕೈಚೀಲಕ್ಕೆ ಹಾಕಿಕೊಂಡು ಹೊರಟರು. ರೋಸ್ವಿತಾ ಮಿಕ್ಕ ಕೇಕನ್ನು ಮನೆಗೆ ತಂದು ವಾರವೆಲ್ಲ ತಿಂದಳು. ಕೈವರೆಗೆ ಬಂದದ್ದು ಬಾಯಿಗೆ ಬರಲಿಲ್ಲ. ತನ್ನಲ್ಲೇ ಏನೋ ಕೊರತೆ ಕಂಡು ಹಿಂದೆಗೆದರು ಎಂದು ಅವಳು ತೀರ್ಮಾನಿಸಿದಳು.

ಅಕ್ಟೋಬರ್ ಕೊನೆಗೆ ಸಂಘದವರು ತೋಟಗಳ ನಲ್ಲಿ ನೀರು ನಿಲ್ಲಿಸಿದರು. ಇಬ್ಬರೂ ಬೇಲಿಯ ಮೇಲೆ ಕೈ ಕುಲುಕಿ, ವಸಂತದಲ್ಲಿ ಸಿಗೋಣ ಎಂದರು. ಫೋನ್ ನಂಬರ್ ಕೇಳಲು ರೋಸ್ವಿತಾಳಿಗೆ ಬಾಯಿ ಬರಲಿಲ್ಲ. ನೀವು ಎನ್ನುವವರ ಹತ್ತಿರ ಅದನ್ನೆಲ್ಲ ಹೇಗೆ ಕೇಳುವುದು?

ಆ ಚಳಿಗಾಲ ಮುಗಿಯುವಂತೆ ಕಾಣಲಿಲ್ಲ. ಕ್ರಿಸ್‌ಮಸ್ ಹಿಂದಿನ ಸಂಜೆ ಆಲೂಗಡ್ಡೆ ಸಲಾಡು, ಸಾಸೇಜು ಮಾಡಿದಳು. ಕೈ ತನ್ನಷ್ಟಕ್ಕೆ ಅಕ್ಕನಿಗೂ ಸೇರಿಸಿ ಮಾಡಿತ್ತು. ಮಂಜು ಬಿದ್ದ ದಿನಗಳಲ್ಲಿ ಟ್ರಾಮ್ ಹತ್ತಿ, ಚಾಲಕನ ಗಾಜಿನ ಹಿಂದಿನ ಸೀಟಿನಲ್ಲಿ ಕೂತು ಕೊನೆಯ ನಿಲ್ದಾಣಕ್ಕೆ ಹೋಗಿ ಬರುತ್ತಿದ್ದಳು. ಫಲಕ ಈಗಲೂ ಅಲ್ಲೇ ಇತ್ತು. ಒಮ್ಮೊಮ್ಮೆ ದಿನವೊಂದು ಪೂರ್ತಿ ಕಳೆದ ಮೇಲೆ, ಬೆಳಗಿನಿಂದ ತನ್ನ ಗಂಟಲು ಒಂದು ಶಬ್ದವನ್ನೂ ಮಾಡಿಲ್ಲ ಎಂದು ಗೊತ್ತಾಗಿ, ಸುಮ್ಮನೆ "ಅಯ್ಯೋ ದೇವರೇ" ಎಂದು ಹೇಳಿ ನೋಡುತ್ತಿದ್ದಳು.

ಮಾರ್ಚಿನಲ್ಲಿ ಗೇಟು ತೆರೆದ ದಿನವೇ ಹೋದಳು. ಬೇಲಿಯ ಆಚೆ ಗಡ್ಡದ ಯುವಕನೊಬ್ಬ ಕುರ್ಚಿಗಳನ್ನು ಮಡಿಸಿ ಗಾಡಿಗೆ ಹಾಕುತ್ತಿದ್ದ. ಅವಳ ಕಾಲು ಅಲ್ಲೇ ನಿಂತಿತು.

"ನಾನು ಟಿಲ್ಮಾನ್, ಅವರ ತಂಗಿ ಮಗ," ಎಂದ ಅವನು. "ದೊಡ್ಡಮ್ಮಂಗೆ ಡಿಸೆಂಬರಲ್ಲಿ ಸ್ಟ್ರೋಕ್ ಆಯ್ತು. ಈಗ ಆರೈಕೆ ಮನೇಲಿದ್ದಾರೆ. ಹಳೇದೆಲ್ಲ ನೆನಪಿದೆ, ಜನರ ಗುರುತೂ ಸಿಗುತ್ತೆ. ಆದ್ರೆ ನಿನ್ನೆ ನಡೆದದ್ದು ಇವತ್ತು ನಿಲ್ಲಲ್ಲ, ಸೋರಿ ಹೋಗುತ್ತೆ." ಆಮೇಲೆ ಗಡ್ಡ ಕೆರೆದುಕೊಂಡು ನಕ್ಕ. "ಒಂದು ತಮಾಷೆ ಗೊತ್ತಾ? ಜೀವಮಾನವೆಲ್ಲ ಶಿಸ್ತು, ಶಿಸ್ತು ಅಂತಿದ್ದವರು, ಈಗ ಎಲ್ರಿಗೂ 'ನೀನು'. ಡಾಕ್ಟರಿಗೆ, ಪಾದ್ರಿಗೆ, ನೆಲ ಒರೆಸೋನಿಗೆ. ಆ ಲಗಾಮೇ ಕಳಚಿ ಹೋಗಿದೆ."

ರೋಸ್ವಿತಾಳಿಗೆ ದುಃಖವಾಯಿತು. ದುಃಖದ ಮಗ್ಗುಲಿಗೇ ಒಂದು ಸಂತೋಷವೂ ಎದ್ದಿತು. ಎಲ್ಲರಿಗೂ ನೀನು ಎಂದರೆ ತನಗೂ ನೀನು ಎಂದಾರು. ಇದೆಂಥ ನೀಚ ಆಸೆ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದರೆ ಆಸೆ ಎಲ್ಲಿಗೆ ಹೋಗುತ್ತದೆ?

ಟಿಲ್ಮಾನ್ ಗುಡಿಸಲಿನಿಂದ ಕೈಚೀಲವೊಂದನ್ನು ತಂದು ಕೊಟ್ಟ. "ಇದರಲ್ಲಿ ವೈನ್ ಇದೆ, ಅಲ್ಲಿ ಅವರಿಗೆ ಇಡೋಕೆ ಬಿಡಲ್ಲ. ನೀವೇ ಇಟ್ಕೊಳ್ಳಿ." ಒಳಗೆ ಆ ಬಾಟಲಿಯೂ ಪತ್ರಿಕೆಯಲ್ಲಿ ಸುತ್ತಿದ ಎರಡು ಗ್ಲಾಸೂ ಇದ್ದವು.

ಭಾನುವಾರ ಅವಳು ಒಳ್ಳೆಯ ಅಂಗಿ ಹಾಕಿಕೊಂಡು, ಸಂತೆಯ ಎಳೆ ಮೂಲಂಗಿ ಕಟ್ಟಿಕೊಂಡು ಆರೈಕೆ ಮನೆಗೆ ಹೋದಳು. ಕಾರಿಡಾರಿನಲ್ಲೇ ಆ ಗದರುವ ದನಿ ಕೇಳಿತು.

"ಲಿನ್, ನೀನು ಕಿಟಕಿ ತೆಗಿಯೇ. ಉಸಿರುಗಟ್ಟುತ್ತೆ. ಏಯ್, ನೀನು, ಅಲ್ಲಿ ಮೂಲೇಲಿ ಸರಿಯಾಗಿ ಒರೆಸಿಲ್ಲ!"

ಲಿನ್ ಎಂಬ ಆರೈಕೆಯ ಹುಡುಗಿ ನಗುತ್ತ ಕಿಟಕಿ ತೆಗೆದಳು. ಫ್ರಾವ್ ಪೀಚ್ ಗಾಲಿಕುರ್ಚಿಯಲ್ಲಿದ್ದರು. ಒಂದು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬಾಗಿಲಲ್ಲಿ ರೋಸ್ವಿತಾಳನ್ನು ಕಂಡೊಡನೆ ಅವರು ಸರಿಯಿರುವ ಕೈಯಿಂದ ಕಾಲರು ನೇರ ಮಾಡಿಕೊಂಡರು. ಬೆನ್ನು ಅರ್ಧ ನೆಟ್ಟಗಾಯಿತು.

"ಫ್ರಾವ್ ಟೀಲೆ. ನೀವು ಬಂದ್ರಾ? ಕೂತ್ಕೊಳ್ಳಿ. ಕುಂಡ ಕೊಂಬೆಗೆ ತಾಗಿದೆ ತಾನೆ?"

ರೋಸ್ವಿತಾ ಕೂತಳು. ನೆಲ ಒರೆಸುವವನಿಗೆ ಸಿಕ್ಕದ್ದು ತನಗೆ ಸಿಗಲಿಲ್ಲ. ಮೆದುಳಿನ ಬೇಲಿಗಳೆಲ್ಲ ಬಿದ್ದುಹೋದ ಮೇಲೂ ತನ್ನ ಮುಂದಿನ ಬೇಲಿಯೊಂದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಾರಲ್ಲ! ಅವಮಾನಕ್ಕೆ ಕಿವಿ ಬಿಸಿಯಾಯಿತು. ತಾಗಿದೆ ಎಂದಳು, ಮೂಲಂಗಿ ಮೇಜಿನ ಮೇಲಿಟ್ಟಳು, ಆಗಲೇ ಏಳುವ ಹವಣಿಕೆ ಮಾಡಿದಳು.

ಕಾಫಿ ತಂದಿಟ್ಟ ಲಿನ್ ಇಬ್ಬರನ್ನೂ ನೋಡಿದಳು. "ಗುಡ್ರುನ್, ಎಲ್ರಿಗೂ ನೀನು ನೀನು ಅಂತೀಯ. ಇವ್ರಿಗೆ ಮಾತ್ರ ಯಾಕಮ್ಮ 'ನೀವು'?"

ಫ್ರಾವ್ ಪೀಚ್ ಸಿಟ್ಟಾದರು. ರೋಸ್ವಿತಾ ಕೋಣೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಲಿನ್‌ಳತ್ತ ಬಾಗಿ ಹೇಳಿದರು.

"ನಿನಗೆ ಕ್ರಮ ಅನ್ನೋದೇ ಗೊತ್ತಿಲ್ಲ ಹುಡುಗಿ. ಅವರು ನನಗಿಂತ ದೊಡ್ಡವರು, ನೋಡಿದ ದಿನಾನೇ ಅಂದ್ಕೊಂಡೆ. ಅವರಿಗೆ ಎಪ್ಪತ್ತಾಯ್ತು, ಗಾಜಿನ ಪೆಟ್ಟಿಗೇಲಿ ಹಾಕಿದ್ರು. ನಂಗಿನ್ನೂ ಅರವತ್ತೆಂಟು. ಅವರಾಗೇ ಹೇಳೋ ತನಕ ನಾನು ಬಾಯಿ ಬಿಡೋಕಾಗುತ್ತಾ? ಗ್ಲಾಸ್ ಕೂಡ ತಗೊಂಡು ಹೋಗಿದ್ದೆ. ಎರಡು. ಅವರು ಸುಮ್ನೆ ನಿಂತಿದ್ರು." ದನಿ ಇಳಿಯಿತು. "ಅವರಿಗೆ ಇಷ್ಟ ಇಲ್ಲ ಅನ್ಸುತ್ತೆ. ನಾನು ಬೈಯೋದು ಜಾಸ್ತಿ."

ಬಿಳಿ ಕೂದಲು, ಬಾಗಿದ ಬೆನ್ನು, ಮೇಷ್ಟರ ದನಿ. ಈ ಮೂರನ್ನು ಕೂಡಿಸಿ ರೋಸ್ವಿತಾ ತಾನೇ ಎಂಬತ್ತು ಎಂದು ಲೆಕ್ಕ ಕಟ್ಟಿದ್ದಳು. ಕಾದದ್ದು ತಾನೊಬ್ಬಳೇ ಎಂದುಕೊಂಡಿದ್ದಳು. ಒಂದು ಬೇಸಿಗೆಯ ಭಾನುವಾರಗಳೆಲ್ಲ ಬೇಲಿಯ ಆ ಬದಿಯಲ್ಲೂ ಒಂದು ಜೀವ ಕಾದು ಕೂತಿತ್ತು. ಕೊಡಬೇಕಾದವಳು ಕೈ ಕಟ್ಟಿಕೊಂಡು ಇಸಕೊಳ್ಳಲು ನಿಂತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇಂಥವರಿಗೇ.

ಅವಳು ಕಾಫಿಯ ಲೋಟ ಎತ್ತಿದಳು. ಇನ್ನೊಂದು ಲೋಟವನ್ನು ಫ್ರಾವ್ ಪೀಚ್ ಅವರ ಒಳ್ಳೆಯ ಕೈಗೆ ಕೊಟ್ಟು, ಅದಕ್ಕೆ ತನ್ನದನ್ನು ತಾಗಿಸಿದಳು.

"ನಾನು ರೋಸ್ವಿತಾ. ಇಷ್ಟು ಹೊತ್ತಿಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಇನ್ಮೇಲೆ ನೀನು ಅನ್ನೋಣ."

ಆ ಮುಖ ಅರಳಿದ್ದನ್ನು ಲಿನ್ ಕೂಡ ನಿಂತು ನೋಡಿದಳು.

"ಗುಡ್ರುನ್," ಎಂದಳು ಗುಡ್ರುನ್. ಆಮೇಲೆ ಗದರಿದಳು. "ಅಂತೂ ಬಾ‌ಯಿ ಬಿಟ್ಟೆಯಲ್ಲೇ! ಎಷ್ಟು ಕಾಯಿಸಿದೆ ನೀನು!"

ಅವತ್ತು ಸಂಜೆಯವರೆಗೂ ಅವಳು ರೋಸ್ವಿತಾಳನ್ನು ಮನಸಾರೆ ಬೈದಳು. ನಿನ್ನ ಬಿಯರ್ ಡಬ್ಬಿ, ನಿನ್ನ ನೀಲಿ ದಾರ, ನಿನ್ನ ಬಣ್ಣದ ಕೂದಲು. ಪ್ರತಿ ಬೈಗುಳದಲ್ಲೂ ಆ ಮಾತಿತ್ತು. ರೋಸ್ವಿತಾ ಟ್ರಾಮಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು.

ಮುಂದಿನ ಭಾನುವಾರ ಕೇಕು ಹಿಡಿದು, ಬಾಗಿಲಲ್ಲೇ "ಗುಡ್ರುನ್!" ಎಂದು ಕೂಗಿಕೊಂಡು ಒಳಗೆ ಹೋದಳು. ಗಾಲಿಕುರ್ಚಿಯಲ್ಲಿದ್ದವರು ತಲೆಯೆತ್ತಿದರು. ಕೈ ಕಾಲರಿನ ಕಡೆ ಹೋಯಿತು.

"ಫ್ರಾವ್ ಟೀಲೆ," ಎಂದರು ಫ್ರಾವ್ ಪೀಚ್. "ನೀವು ಬಂದ್ರಾ? ಕೂತ್ಕೊಳ್ಳಿ."

ಹಿಂದಿನ ಭಾನುವಾರ ಸೋರಿಹೋಗಿತ್ತು. ರೋಸ್ವಿತಾ ಕೇಕಿನ ಡಬ್ಬಿ ಹಿಡಿದುಕೊಂಡು ಕೋಣೆಯ ನಡುವೆ ನಿಂತಳು. ಆ ಒಂದು ಗಳಿಗೆಯಲ್ಲಿ ಅವಳಿಗೆ ಆದಷ್ಟು ಒಂಟಿತನ ಅಕ್ಕನ ಗುಂಡಿಯ ಬಳಿಯೂ ಆಗಿರಲಿಲ್ಲ. ಆಮೇಲೆ ಡಬ್ಬಿ ಕೆಳಗಿಟ್ಟು, ಕಾಫಿಯ ಲೋಟಗಳನ್ನು ಹುಡುಕಿದಳು.

ಈಗ ಬೇಲಿಯ ಆಚೆಯ ತೋಟಕ್ಕೆ ಹೊಸಬರು ಬಂದಿದ್ದಾರೆ, ಎಳೆಯ ದಂಪತಿ, ಅವಳನ್ನು 'ನೀವು' ಎನ್ನುತ್ತಾರೆ. ಸೇಬಿನ ಮರದಲ್ಲಿ ಎರಡು ಕುಂಡಗಳಿವೆ. ಮೂರನೆಯದನ್ನು ರೋಸ್ವಿತಾ ಆರೈಕೆ ಮನೆಯ ಅಂಗಳದಲ್ಲಿ, ಕಿಟಕಿಯ ಮುಂದಿನ ಮರದ ಕೊಂಬೆಗೆ ಒತ್ತಿ ಕಟ್ಟಿ ಬಂದಿದ್ದಾಳೆ. ವಾರವೆಲ್ಲ ಎಂದಿನಂತೆಯೇ, ಮೂರನೇ ಮಹಡಿ, ಒರೆಸಿದ ಮೇಜು, ಔಷಧಿ ಅಂಗಡಿಯ ಮರ್ಯಾದೆ.

"ಪ್ರತೀ ವಾರ ಮೊದಲಿಂದ ಶುರು ಮಾಡ್ತೀರಲ್ಲ ಫ್ರಾವ್ ಟೀಲೆ, ಬೇಜಾರಾಗಲ್ವಾ?" ಎಂದು ಲಿನ್ ಕೇಳಿದಳು.

"ಆಗುತ್ತೆ," ಎಂದಳು ರೋಸ್ವಿತಾ.

ಭಾನುವಾರ ಅವಳು ಕೈಚೀಲದಿಂದ ಆ ಎರಡು ಪುಟ್ಟ ಗ್ಲಾಸುಗಳನ್ನು ತೆಗೆಯುತ್ತಾಳೆ. ವೈನ್ ತರಲು ಬಿಡುವುದಿಲ್ಲ, ಸೇಬಿನ ರಸ ಸುರಿಯುತ್ತಾಳೆ. ಗಾಲಿಕುರ್ಚಿಯಲ್ಲಿರುವ ಫ್ರಾವ್ ಪೀಚ್ ಗ್ಲಾಸು ಕಂಡು ಕಾಲರು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಕಾಯುತ್ತಾರೆ. ರೋಸ್ವಿತಾ ಅವರನ್ನು ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಗ್ಲಾಸಿಗೆ ಗ್ಲಾಸು ತಾಗಿಸುತ್ತಾಳೆ.

"ನಾನು ರೋಸ್ವಿತಾ. ಇನ್ಮೇಲೆ ನೀನು ಅನ್ನೋಣ."

"ಗುಡ್ರುನ್," ಎನ್ನುತ್ತಾಳೆ ಗುಡ್ರುನ್, ಜೀವಮಾನದಲ್ಲಿ ಮೊದಲ ಸಲ. "ಅಂತೂ ಬಾಯಿ ಬಿಟ್ಟೆಯಲ್ಲೇ. ಎಷ್ಟು ಕಾಯಿಸಿದೆ ನೀನು!"

"ಹೌದು ಗುಡ್ರುನ್," ಎನ್ನುತ್ತಾಳೆ ರೋಸ್ವಿತಾ. "ತಪ್ಪು ನಂದೇ."